ಕಾಕಾನ ಏಳನೇ ಸೀಸೆ

ನಮ್ಮ ಕಾಕಾ ಕಳ್ಳ ಎಂದು ನಾನು ಹದಿನಾಲ್ಕು ವರ್ಷ ಗಟ್ಟಿಯಾಗಿ ನಂಬಿದ್ದೆ. ಏನು ಕದ್ದಿದ್ದಾರೆ, ಯಾರಿಂದ ಕದ್ದಿದ್ದಾರೆ ಎಂಬುದಷ್ಟೇ ಗೊತ್ತಿರಲಿಲ್ಲ. ಅಷ್ಟಕ್ಕೆ ಅನುಮಾನ ಬಿಡಲಾಗುತ್ತದೆಯೇ? ನಾನು ಬೀದರದ ತಹಸೀಲ ಕಚೇರಿಯಲ್ಲಿ ನಕಲು ಬರೆಯುವ ಕಾರಕೂನ. ಊರಿನವರು ಒಬ್ಬರ ಮೇಲೊಬ್ಬರು ಕೊಟ್ಟ ಅರ್ಜಿಗಳನ್ನು ದಿನವಿಡೀ ಉರ್ದುವಿನಲ್ಲಿ ಅಂದವಾಗಿ ಇನ್ನೊಮ್ಮೆ ಬರೆಯುವುದು ನನ್ನ ಕೆಲಸ. ಇವನು ಹೊಲದ ಬಾಂದು ಸರಿಸಿದ, ಅವನು ಬಾವಿಗೆ ಕಸ ಚೆಲ್ಲಿದ, ಇವಳು ಅವಳ ಎಮ್ಮೆಗೆ ಮಾಟ ಮಾಡಿಸಿದಳು! ಇಂಥವನ್ನೇ ಬರೆದು ಬರೆದು ಸವೆದ ಕೈಗೆ, ಜಗತ್ತಿನಲ್ಲಿ ಸುಮ್ಮನೆ ಒಳ್ಳೆಯವನಾಗಿರುವ ಮನುಷ್ಯನೊಬ್ಬ ಇದ್ದಾನೆಂದರೆ ಹೇಗೆ ನಂಬಿಕೆ ಬರಬೇಕು?

ಕಾಕಾ ಎಂದರೆ ನಮ್ಮ ತಂದೆಯ ಕಡೆಯ ತಮ್ಮ. ಮೀಸೆ ಮೂಡುವ ಮೊದಲೇ ಮುಂಬೈಗೆ ಓಡಿಹೋದವರು. ಮೂವತ್ತು ವರ್ಷ ಒಂದು ಕಾಗದವಿಲ್ಲ. ನಮ್ಮ ತಂದೆ ತೀರಿಕೊಂಡ ಮರುವರ್ಷ, ಬೇಸಿಗೆಯ ಒಂದು ಮಧ್ಯಾಹ್ನ, ಬಾಗಿಲ ಮುಂದೆ ಒಂದು ಎತ್ತಿನ ಬಂಡಿ ಬಂದು ನಿಂತಿತು. ರೈಲು ಆಗಿನ್ನೂ ಬೀದರಕ್ಕೆ ಬಂದಿರಲಿಲ್ಲ. ವಿಕಾರಾಬಾದಿನಲ್ಲಿ ಇಳಿದು ಬಂಡಿ ಮಾಡಿಕೊಂಡಿದ್ದರು. ಆದರೆ ಬಂಡಿಯಲ್ಲಿ ಇದ್ದದ್ದು ಹುಲ್ಲು, ಹುಲ್ಲಿನ ನಡುವೆ ಒಂದು ಪೆಟ್ಟಿಗೆ. ಕಾಕಾ ಮಾತ್ರ ಬಂಡಿಯ ಹಿಂದೆ ಧೂಳು ಕುಡಿಯುತ್ತ ನಡೆದುಕೊಂಡು ಬಂದಿದ್ದರು!

"ಯಾಕ್ರಿ ಕಾಕಾ, ಬಂಡ್ಯಾಗ ಕೂಡಬಾರ್ದಿತ್ತಾ?" ಎಂದೆ.

"ನಾ ಕೂತ್ರ ಬಂಡಿ ಭಾಳ ಕುಲುಕತದ ತಮ್ಮಾ. ಒಳಗ ಮಂದಿ ಅವ."

ಮಂದಿ! ಆ ಪೆಟ್ಟಿಗೆಯ ಉದ್ದ ಎರಡು ಮೊಳ. ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಾನು ಅಲ್ಲೇ ನಿಂತು, ಕಚೇರಿಯಲ್ಲಿ ಇಂಥ ಸಂಗತಿಗೆ ಕಾಯದೆಯ ಯಾವ ಕಲಮು ಹಚ್ಚುತ್ತಾರೆ ಎಂದು ನೆನಪು ಮಾಡಿಕೊಳ್ಳತೊಡಗಿದೆ.

ಪೆಟ್ಟಿಗೆಯಿಂದ ಹೊರಗೆ ಬಂದದ್ದು ಹನ್ನೊಂದು ಗಾಜಿನ ಸೀಸೆ. ಬಾಯಿಗೆ ಬೂಚು, ಬೂಚಿನ ಮೇಲೆ ಮೇಣ. ಒಳಗೆ ನೀರಿನಂಥದ್ದು, ಅದರಲ್ಲಿ ತೊಗರಿ ಕಾಳಿನಷ್ಟು, ಹೆಚ್ಚೆಂದರೆ ಕಡಲೆಯಷ್ಟು, ಏನೋ ಒಂದು. ಅವು ಏಡಿಗಳಂತೆ! ಸಮುದ್ರದ ಏಡಿ! ಬೀದರದಿಂದ ಸಮುದ್ರ ಎಷ್ಟು ದೂರವೋ ನಮ್ಮ ಮನೆಯಿಂದ ಮಾಂಸ ಅದಕ್ಕಿಂತ ದೂರ. ಲಿಂಗ ಕಟ್ಟಿದ ಮನೆ. ಉಳ್ಳಾಗಡ್ಡಿ ಹೆಚ್ಚಾದರೂ ನಮ್ಮ ಅವ್ವ ಮೂಗು ಮುರಿಯುತ್ತಿದ್ದಳು. ಅಂಥ ಮನೆಯ ಹೊರಕೋಣೆಯ ಕಿಟಕಿಯ ಮೇಲೆ ಏಡಿಗಳ ಸಾಲು! ಸಾಲದ್ದಕ್ಕೆ ವಾಸನೆ.

"ಏನ್ರೀ," ಎಂದಳು ನನ್ನ ಹೆಂಡತಿ, ಅಡಿಗೆ ಮನೆಯಿಂದಲೇ, ಆದರೆ ಹೊರಕೋಣೆಗೆ ಕೇಳುವ ಹಾಗೆ. "ದಾರೂ ವಾಸನಿ ಬರ್ಲತ್ತದ. ಕಾಕಾ ಕುಡೀತಾರೋ, ಏಡಿ ಕುಡೀತಾವೋ, ಕೇಳ್ರಿ ಒಮ್ಮಿ."

"ಏಡಿ ಕುಡೀತಾವ ತಂಗೀ," ಎಂದು ಕಾಕಾ ಅಲ್ಲಿಂದಲೇ ಕೂಗಿದರು. "ಸ್ಪಿರಿಟ್ಟು. ಕುಡೀಲಿಲ್ಲಂದ್ರ ಕೆಡ್ತಾವ."

ಮುಂಬೈಯಲ್ಲಿ ಒಬ್ಬ ಗೋರಾ ಸಾಹೇಬರು ಸಮುದ್ರದ ಪ್ರಾಣಿಗಳನ್ನು ಹಿಡಿದು, ಯಾವುದು ಯಾವ ಜಾತಿ ಎಂದು ವಿಂಗಡಿಸಿ ಇಡುತ್ತಿದ್ದರಂತೆ. ಕಾಕಾ ಅವರ ಕೈಕೆಳಗೆ ಸೀಸೆ ತೊಳೆಯುವವನಾಗಿ ಸೇರಿ, ಚೀಟಿ ಬರೆಯುವವನಾಗಿ, ಕೊನೆಗೆ ವಿಂಗಡಿಸುವವನೇ ಆದರಂತೆ. ಸಾಹೇಬರು ವಿಲಾಯತಿಗೆ ಹಿಂತಿರುಗುವಾಗ, "ಇವು ನಿನ್ನವು, ಇಟ್ಟುಕೋ," ಎಂದು ಈ ಹನ್ನೊಂದು ಸೀಸೆ ಕೊಟ್ಟರಂತೆ. ಸಾಕ್ಷಿಗೆ ಒಂದು ಇಂಗ್ಲಿಷ್ ಕಾಗದ. ಕಾಕಾ ಬಿಟ್ಟರೆ ನಮ್ಮಲ್ಲಿ ಅದನ್ನು ಓದುವವರು ಯಾರು? ನಾನು ಅದನ್ನು ಬೆಳಕಿಗೆ ಹಿಡಿದು ನೋಡಿದೆ. ಸಹಿ ಇತ್ತು, ಮೊಹರು ಇರಲಿಲ್ಲ. ಮೊಹರಿಲ್ಲದ ಕಾಗದ! ಅಂದೇ ನಿರ್ಧರಿಸಿದೆ, ಕದ್ದ ಮಾಲು.

ಆದರೆ ಕದಿಯುವವನು ಏಡಿಯನ್ನೇಕೆ ಕದಿಯಬೇಕು? ಈ ಪ್ರಶ್ನೆ ನನ್ನನ್ನು ಬಹಳ ಕಾಡಿತು. ಹಾಗಾಗಿ ಒಂದು ದಿನ ಅವರ ಎದುರಿಗೇ ಕೂತು, ಇವುಗಳ ವಿಶೇಷವೇನು ಎಂದು ಕೇಳಿದೆ.

ಕಾಕಾನ ಕಣ್ಣು ಹೊಳೆದವು. ಸಮುದ್ರದಂಡೆಯ ಕೆಸರಿನಲ್ಲಿ ಒಂದು ಹುಳವಿದೆಯಂತೆ. ಅದು ತನ್ನ ಸುತ್ತ ತೊಗಲಿನಂಥ ಕೊಳವೆ ಕಟ್ಟಿಕೊಳ್ಳುತ್ತದೆ. ಎರಡು ತುದಿ ಮೇಲೆ, ಹೊಟ್ಟೆ ಕೆಳಗೆ. ನಡುವೆ ಕೂತು, ಬೀಸಣಿಗೆ ಬೀಸಿದ ಹಾಗೆ ನೀರು ಬೀಸಿಕೊಂಡು, ಬಂದದ್ದನ್ನು ತಿಂದು ಬದುಕುತ್ತದೆ. ಜೀವಮಾನದಲ್ಲಿ ಮನೆ ಬಿಟ್ಟು ಹೊರಗೆ ಬರುವುದಿಲ್ಲ. ಆ ಕೊಳವೆಯೊಳಗೆ ಈ ಏಡಿ, ಗಂಡು ಒಂದು ಹೆಣ್ಣು ಒಂದು, ಚಿಕ್ಕವಿದ್ದಾಗಲೇ ಹೊಕ್ಕು ಹುಳದ ಪಕ್ಕದಲ್ಲಿ ಸಂಸಾರ ಹೂಡುತ್ತವೆ.

"ಹುಳಾ ಸುಮ್ನ ಇರ್ತದೇನ್ರಿ?" ಬಾಗಿಲ ಹಿಂದಿನಿಂದ ನನ್ನ ಹೆಂಡತಿಯ ದನಿ.

"ಸುಮ್ನ ಇರ್ತದ ತಂಗೀ."

"ಏಡಿ ಅದಕ್ಕ ಏನ್ ಕೊಡ್ತದ್ರಿ?"

"ಏನೂ ಕೊಡಂಗಿಲ್ಲ."

"ಬಿಟ್ಟಿ ಕೂಳು! ಹೊರಗ ದಬ್ಬಬೇಕಿಲ್ಲ?"

"ಹೋಗಂದ್ರೂ ಹೋಗ್ಲಿಕ್ ಆಗಂಗಿಲ್ಲ," ಎಂದರು ಕಾಕಾ. "ಒಳಗ ಬೆಳದು ದೊಡ್ಡವ ಆಗಿರ್ತಾವ. ಕೊಳವಿ ಬಾಯಿ ಸಣ್ಣದು."

"ಹ್ಞೂಂ, ಹೊರಕೋಣಿ ಬಾಗಿಲಾ ಭಾಳ ದೊಡ್ಡದದ್ರಿ," ಎಂಬ ಮಾತು ಪಾತ್ರೆಯ ಸದ್ದಿನೊಂದಿಗೆ ಹೊರಗೆ ಬಂತು. ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು. ಈ ನಗು ನೋಡಿ ನನಗೆ ಇನ್ನೂ ಅನುಮಾನ. ಬೈಸಿಕೊಂಡು ನಗುವವನು ಏನೋ ಮನಸ್ಸಿನಲ್ಲಿ ಇಟ್ಟುಕೊಂಡೇ ನಗುತ್ತಾನೆ.

ಕಾಕಾನ ದಿನಚರಿ ಹೀಗಿತ್ತು: ಬೆಳಗ್ಗೆ ಸ್ನಾನ, ಲಿಂಗಪೂಜೆ, ಎರಡು ಜೋಳದ ರೊಟ್ಟಿ. ಆಮೇಲೆ ಒಂದು ಭೂತಗನ್ನಡಿ ಕಣ್ಣಿಗೆ ಒತ್ತಿಕೊಂಡು ಏಡಿಯ ಮುಖ ನೋಡುವುದು. ಸೀಸೆಯೊಳಗೆ, ಪ್ರಾಣಿಯ ಜೊತೆಯಲ್ಲೇ, ಒಂದೊಂದು ಚೀಟಿ ಮುಳುಗಿಸಿದ್ದರು. ಚೀಟಿಯಲ್ಲಿ ಮೂರೇ ಸಾಲು. ಏನು. ಎಲ್ಲಿ ಸಿಕ್ಕಿತು. ಯಾರ ಜೊತೆ.

"ಯಾರ ಜೊತಿ ಅನ್ನೋದು ಯಾಕ ಬೇಕ್ರಿ?" ಎಂದು ಕೇಳಿದ್ದೆ.

"ಅದ್ ಬರೀಲಿಲ್ಲಂದ್ರ ಉಳಿದ ಎರಡು ಸಾಲು ಬರ್ದು ಏನ್ ಉಪಯೋಗ?" ಎಂದು ನನ್ನನ್ನೇ ತಿರುಗಿ ಕೇಳಿದರು. ಅವರ ಎಲ್ಲ ಚೀಟಿಗಳಲ್ಲೂ ಮೂರನೇ ಸಾಲು ಒಂದೇ: ಹುಳದ ಜೊತೆ, ಹುಳಕ್ಕೆ ತ್ರಾಸ ಇಲ್ಲ.

ಬರೆದದ್ದು ಸೀಸಕಡ್ಡಿಯಲ್ಲಿ, ಅಂದರೆ ಪೆನ್ಸಿಲಿನಲ್ಲಿ. ಇದು ನನ್ನ ಕಸುಬಿಗೇ ಅವಮಾನ! ಸರಕಾರಿ ಕಚೇರಿಯಲ್ಲಿ ಪೆನ್ಸಿಲಿನಿಂದ ಬರೆದದ್ದಕ್ಕೆ ಯಾರು ಬೆಲೆ ಕೊಡುತ್ತಾರೆ? ನನ್ನ ಮಸಿಕುಡಿಕೆ ತಂದು ಅವರ ಮುಂದೆ ಇಟ್ಟೆ. ಕಾಕಾ ಅದನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು.

"ನಿನ್ನ ಮಸಿ ಕಚೇರಿಗಿ ಛಲೋ. ಸ್ಪಿರಿಟ್ಟಿನ್ಯಾಗ ಇಟ್ರ ಒಂದು ವಾರದಾಗ ಕರಗಿ ಹೋಗ್ತದ. ಮಣ್ಣಾಗ ಹುಗದ್ರೂ ಹೋಗ್ತದ. ಸೀಸಕಡ್ಡಿ ಹಂಗಲ್ಲ ತಮ್ಮಾ. ಎಲ್ಲಿ ಇಟ್ರ ಅಲ್ಲೇ ಇರ್ತದ."

ಅವರಿಗೆ ಜೀವನದಲ್ಲಿ ಒಂದೇ ಆಸೆ ಇತ್ತು. ಅದು ಏಳನೇ ಸೀಸೆಯೊಳಗೆ ಇತ್ತು. ಆ ಜೋಡಿಯನ್ನು ಸಾಹೇಬರು ಮೊದಲೇ ಹೆಸರಿದ್ದ ಒಂದು ಜಾತಿಗೆ ಸೇರಿಸಿದ್ದರು. ಕಾಕಾ ಮಾತ್ರ, ಅಲ್ಲ, ಇದು ಬೇರೆಯೇ ಎನ್ನುತ್ತಿದ್ದರು. ಏಡಿಯ ಬಾಯಿ ಮುಂದೆ ಕದದಂತೆ ಮುಚ್ಚಿಕೊಳ್ಳುವ ಎರಡು ಪುಟ್ಟ ಕಾಲುಗಳಿವೆ. ಆ ಕಾಲಿನ ಕೊನೆಯ ಬೆರಳು ಅದರ ಹಿಂದಿನ ಗೆಣ್ಣಿನ ತುದಿಗೆ ಕೂಡಿದೆಯೋ, ನಡುವಿಗೆ ಕೂಡಿದೆಯೋ, ಅದರ ಮೇಲೆ ಜಾತಿ. ಏಳನೇ ಸೀಸೆಯ ಜೋಡಿಗೆ ನಡುವಿಗೆ ಕೂಡಿತ್ತು. "ಬಣ್ಣಾ ನೋಡಬ್ಯಾಡ, ದಪ್ಪ ನೋಡಬ್ಯಾಡ. ಕೂಡಿದ ಜಾಗ ನೋಡು. ಅದು ಸುಳ್ಳ ಹೇಳಂಗಿಲ್ಲ," ಎನ್ನುತ್ತಿದ್ದರು. ಮುಂಬೈಯಲ್ಲಿ ಇಂಥದ್ದನ್ನು ತೀರ್ಮಾನಿಸುವ ಒಬ್ಬ ಪಂಡಿತರಿದ್ದರಂತೆ. ಅವರಿಗೆ ಕಾಕಾ ವರ್ಷಕ್ಕೊಂದು ಕಾಗದ ಬರೆಯುತ್ತಿದ್ದರು. ಉತ್ತರ ಬರುತ್ತಿರಲಿಲ್ಲ. ಅಷ್ಟು ಸಣ್ಣ ಪ್ರಾಣಿ ಬೇರೆ ಜಾತಿಯಾದರೆಷ್ಟು, ಆಗದಿದ್ದರೆಷ್ಟು? ನನಗೆ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಅನುಮಾನಿಸುವುದು ನನ್ನ ಪದ್ಧತಿ. ಇದು ಯಾವುದೋ ಸಂಕೇತದ ಕಾಗದವಿರಬೇಕು ಎಂದುಕೊಂಡೆ.

ಈ "ಕೂಡಿದ ಜಾಗ" ಎಂಬ ವಿದ್ಯೆ ಏಡಿಗಳಲ್ಲೇ ನಿಂತಿದ್ದರೆ ಸರಿಯಿತ್ತು. ಅದು ಔರಾದಕ್ಕೂ ಬಂತು.

ಔರಾದದಲ್ಲಿ ನನ್ನ ತಂಗಿಗೆ ಒಂದು ಸಂಬಂಧ ಬಂದಿತ್ತು. ಒಕ್ಕಲುತನದ ದೊಡ್ಡ ಮನೆ, ಒಬ್ಬನೇ ಮಗ. ನಮ್ಮಲ್ಲಿ ಒಂದೇ ಬೆಡಗಿನವರು ಅಣ್ಣತಮ್ಮಂದಿರ ಲೆಕ್ಕ, ಮದುವೆ ಆಗುವಂತಿಲ್ಲ. ಅವರ ಬೆಡಗು ಬೇರೆ, ನಮ್ಮದು ಬೇರೆ. ಎಲ್ಲ ಕೇಳಿಯೇ ಹೋಗಿದ್ದೆವು. ಮನೆಯ ಹಿರಿಯರೆಂದು ಕಾಕಾನನ್ನು ಕರೆದುಕೊಂಡು ಹೋದದ್ದೇ ನಾನು ಮಾಡಿದ ತಪ್ಪು. ಶಾವಿಗೆ ಪಾಯಸ ಬಂತು. ಎಲ್ಲರೂ ಉಣ್ಣುತ್ತಿದ್ದೇವೆ. ಕಾಕಾ ಉಣ್ಣುತ್ತಿಲ್ಲ! ವರನ ಕಡೆ ನೋಡುತ್ತಾರೆ, ವರನ ತಂದೆಯ ಕಡೆ ನೋಡುತ್ತಾರೆ, ತಿರುಗಿ ನನ್ನ ಕಡೆ ನೋಡುತ್ತಾರೆ.

"ಏನ್ ನೋಡ್ಲತ್ತೀರಿ ಕಾಕಾ?" ಎಂದು ಪಿಸುಗುಟ್ಟಿದೆ.

"ಕಿವಿ."

"ಕಿವಿ ಎದಕ್ಕ ಬೇಕ್ರಿ ಈಗ? ಪಾಯಸಾ ಉಣ್ರಿ."

"ಇವರ ಕಿವಿ ಹಾಲಿ ಜೋತಾಡಂಗಿಲ್ಲ, ಕೆನ್ನಿಗಿ ಅಂಟ್ಯದ. ತಂದೀದೂ ಹಂಗೇ ಅದ, ಮಗಂದೂ ಹಂಗೇ ಅದ. ನಿಂದು ಮುಟ್ಟಿ ನೋಡ್ಕೋ."

ನಾನು ಮುಟ್ಟಿ ನೋಡಿಕೊಳ್ಳಲಿಲ್ಲ. ಅಷ್ಟರಲ್ಲಿ ಅವರು ಭೂತಗನ್ನಡಿ ತೆಗೆದೇ ಬಿಟ್ಟಿದ್ದರು! ವರನ ಕಿವಿಯ ಹತ್ತಿರ ಹೋಗಿ, ಹಿಂದಿನಿಂದ ಒಮ್ಮೆ, ಮುಂದಿನಿಂದ ಒಮ್ಮೆ ನೋಡಿ, ತಂದೆಯ ಕಡೆ ತಿರುಗಿ ಕೇಳಿದರು: "ಯಜಮಾನ್ರ, ನೀವು ಬ್ಯಾರೆ ಬೆಡಗಿನವ್ರು ಅಂತ ನಿಮಗ ಯಾರ್ ಹೇಳ್ಯಾರ್ರಿ?"

ಪಂಕ್ತಿಯ ಕೈಗಳೆಲ್ಲ ಎಲೆಯ ಮೇಲೆ ನಿಂತವು. ವರನ ತಂದೆ ಕೆಂಪಗಾದರು. ಏನೋ ಆಗಿಹೋಗುತ್ತಿತ್ತು, ಒಳಗಿನಿಂದ ಒಬ್ಬ ಹಣ್ಣುಹಣ್ಣು ಮುದುಕಿಯ ದನಿ ಬಂತು. ಅದು ವರನ ಮುತ್ತಜ್ಜಿ.

"ಹೌದ್ರಪ್ಪಾ. ನಮ್ಮ ಮಾವನ್ನ ಸಣ್ಣಾಂವ ಇದ್ದಾಗ ಬೀದರದಿಂದ ದತ್ತಕ ತಂದಿದ್ರು. ಯಾರ ಮನೀಲಿಂದ ಅಂತ ನಾ ಕೇಳಿಲ್ಲ. ಸೊಸಿ ಆದಾಕಿ ಹ್ಯಾಂಗ ಕೇಳ್ಬೇಕ್ರಿ?"

ಸಂಬಂಧ ಅಲ್ಲಿಗೆ ಮುರಿಯಿತು. ನಮ್ಮ ಓಣಿಯ ಜಂಗಮ ಅಯ್ಯನವರ ಹತ್ತಿರವಿದ್ದ ವಂಶಾವಳಿಯ ಹಳೆಯ ವಹಿ ತೆಗೆಸಿ ನೋಡಿದರೆ, ಕಾಕಾ ಹೇಳಿದ್ದೇ ಸರಿ. ದತ್ತಕ ಹೋದದ್ದು ನಮ್ಮದೇ ಮನೆಯ ಕೂಸು! ಒಂದು ದೊಡ್ಡ ತಪ್ಪು ಆಗುವುದು ತಪ್ಪಿತು ಎಂದು ಅಯ್ಯನವರು ಹೊಗಳಿದರು. ಅದಕ್ಕೆ ಮನೆಯಲ್ಲಿ ಯಾರಾದರೂ ಕಾಕಾಗೆ ಉಪಕಾರ ಹೇಳಿದರೇ? ಛೇ! ಸರಿ ಹೇಳಿದವರನ್ನು ಯಾರು ಕ್ಷಮಿಸುತ್ತಾರೆ? ನನ್ನ ತಂಗಿ ಮಾತ್ರ ಅಂದು ಅವರಿಗೆ ಒಂದು ಹೋಳಿಗೆ ಜಾಸ್ತಿ ಬಡಿಸಿದಳು. ನನಗೆ ಅದರ ಮೇಲೂ ಅನುಮಾನ ಬಂತು.

"ಇವತ್ತು ಔರಾದದವರ ಕಿವಿ ಹಿಡದಾರ. ನಾಳಿ ನಮ್ಮ ಮಕ್ಕಳ ಮೂಗು ಹಿಡೀತಾರ," ಎಂದಳು ನನ್ನ ಹೆಂಡತಿ. "ಭಾಲ್ಕಿಗಿ ಕಳಸ್ರಿ. ಅಲ್ಲೂ ದಾಯಾದಿ ಮನಿ ಅದ. ಎಂಟು ದಿನ ಇದ್ದು ನೋಡ್ಲಿ. ಹೊಂದ್ಕೊಂಡ್ರ ಅಲ್ಲೇ ಇರ್ಲಿ."

ಕಾಕಾಗೆ ಇದನ್ನು ಹೇಳಿದೆ. ಹೇಳುವಾಗ ಅವರ ಮುಖ ನೋಡಲಿಲ್ಲ. ಅವರು ಒಂದು ಧೋತರ, ಭೂತಗನ್ನಡಿ, ಸೀಸಕಡ್ಡಿ ಗಂಟು ಕಟ್ಟಿಕೊಂಡರು. ಸೀಸೆಗಳನ್ನು ಮಾತ್ರ ಮುಟ್ಟಲಿಲ್ಲ.

"ಭಾಲ್ಕಿ ದಾರಿ ಭಾಳ ಕೆಟ್ಟದದ. ಇವಕ್ಕ ಕಾಲು ಉದರ್ತಾವ. ನಿನ್ನ ಕಡಿ ಬಿಟ್ಟು ಹೋಗ್ತೇನಿ ತಮ್ಮಾ. ಏಳನೇದು ನೋಡ್ಕೋ. ಸ್ಪಿರಿಟ್ಟು ಕಡಿಮಿ ಆದ್ರ ದವಾಖಾನಿ ಕಂಪೌಂಡರ್ ಕಡೀಂದ ತಂದು ಹಾಕು."

"ಹೂಂ," ಎಂದೆ.

ಅವರು ಹೋದ ಐದನೆಯ ದಿನ ಕಚೇರಿಯಲ್ಲಿ ನನ್ನ ಪಕ್ಕದ ಕಾರಕೂನ ಕಾಗದದಿಂದ ತಲೆಯೆತ್ತದೆ ಕೇಳಿದ: "ನಿಮ್ಮ ಮನಿ ಪತ್ತೆ ಆಬಕಾರಿ ದಾರೋಗಾ ಸಾಹೇಬ್ರು ಕೇಳ್ಲತ್ತಿದ್ರು. ಏನರ ಕೆಲಸ ಅದ ಏನ್ರಿ?"

ಆಬಕಾರಿ! ಪರವಾನಗಿ ಇಲ್ಲದ ಹೆಂಡ, ಸಾರಾಯಿ ಹಿಡಿಯುವ ಇಲಾಖೆ! ನನ್ನ ಮನೆಯಲ್ಲಿ ಮೊಹರಿಲ್ಲದ ಕಾಗದದ ಆಸರೆಯಲ್ಲಿ ಹನ್ನೊಂದು ಸೀಸೆ ಸ್ಪಿರಿಟ್! ನೌಕರಿ ಹೋಯಿತು, ಮರ್ಯಾದೆ ಹೋಯಿತು, ನನ್ನ ಮೇಲಿನ ಫಿರ್ಯಾದಿಯನ್ನು ನಾಳೆ ಈ ಪಕ್ಕದವನೇ ಅಂದವಾಗಿ ನಕಲು ಮಾಡುತ್ತಾನೆ. ಹೊಟ್ಟೆನೋವೆಂದು ಹೇಳಿ ಮನೆಗೆ ಓಡಿದೆ. ಓಡಿದವನೇ ಒಂದೊಂದಾಗಿ ಸೀಸೆಗಳ ಬೂಚು ಕಿತ್ತು, ಸ್ಪಿರಿಟ್ಟನ್ನೆಲ್ಲ ಅಂಗಳದ ಬೇವಿನ ಸಸಿಯ ಬುಡಕ್ಕೆ ಸುರಿದೆ. ಏಳನೆಯದರ ಹತ್ತಿರ ಬಂದಾಗ ಕೈ ಒಮ್ಮೆ ತಡೆಯಿತು. ತಡೆದ ಕೈಯಿಂದಲೇ ಅದನ್ನೂ ಸುರಿದೆ.

ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಇಷ್ಟು ದಿನ ಅವನ್ನು ಹೊರಗೆ ಎಸೆಯಿರಿ ಎನ್ನುತ್ತಿದ್ದವಳು ಈಗ ಸೀಸೆಯ ತಳಕ್ಕೆ ಅಂಟಿಕೊಂಡ ಆ ಜೋಡಿಯನ್ನು ನೋಡಿ, "ಅಯ್ಯ, ಒಣಗಿ ಹೋಗ್ತಾವಲ್ರಿ!" ಎಂದಳು. ಸ್ವಲ್ಪ ಯೋಚಿಸಿದಳು. "ಸಮುದ್ರದವು ಅಲ್ಲೇನ್ರಿ? ಉಪ್ಪಿನ ನೀರಾಗ ಹುಟ್ಟಿದವು. ಉಪ್ಪಿನ ನೀರು ಹಾಕಿದ್ರ ಕೆಡಂಗಿಲ್ಲ." ನಮ್ಮ ಹೆಂಗಸರಿಗೆ ಕೆಡದಂತೆ ಇಡುವ ವಿದ್ಯೆ ಒಂದೇ ಗೊತ್ತು, ಆ ವಿದ್ಯೆಯಲ್ಲಿ ಅವರನ್ನು ಮೀರಿಸುವವರಿಲ್ಲ. ಮೇಲಟ್ಟದಿಂದ ಭರಣಿ ಇಳಿಸಿದಳು. ನಿಂಬೆಕಾಯಿ ಉಪ್ಪಿನಕಾಯಿಯ ಮೇಲೆ ನಿಂತಿದ್ದ ಹಳೆಯ ಉಪ್ಪುನೀರನ್ನು ಬಟ್ಟೆಯಲ್ಲಿ ಸೋಸಿ, ಹನ್ನೊಂದು ಸೀಸೆಗೂ ಕಂಠದವರೆಗೆ ತುಂಬಿದಳು. ಮೇಲೆ ಒಂದೊಂದು ಚಮಚ ಎಣ್ಣೆ! "ಈಗ ವರ್ಷಗಟ್ಟಲೆ ಇರ್ತಾವ," ಎಂದಳು. ಅವಳ ಕೈಯ ಉಪ್ಪಿನಕಾಯಿ ಮೂರು ವರ್ಷ ಕೆಡುವುದಿಲ್ಲ. ಹಾಗಾಗಿ ನಾನೂ ನಂಬಿದೆ.

ಮರುದಿನ ದಾರೋಗಾ ಸಾಹೇಬರು ಬಂದೇ ಬಂದರು. ದೊಡ್ಡ ದೇಹ, ದೊಡ್ಡ ಮೀಸೆ. ಹೊರಕೋಣೆಯಲ್ಲಿ ಕೂತರು. ನಾನು ಕೈಕಟ್ಟಿ ನಿಂತೆ. ಅವರ ಕಣ್ಣು ಕಿಟಕಿಯ ಮೇಲಿನ ಸೀಸೆಗಳ ಸಾಲಿನ ಮೇಲೆ ಹೋಗಿ ನಿಂತಿತು. ಒಂದನ್ನು ಎತ್ತಿಕೊಂಡರು. ಬೂಚು ತೆಗೆದರು. ಮೂಸಿದರು. ಮುಖ ಅರಳಿತು.

"ಅರೆ ವಾಹ್! ಅಚಾರ್?" ಎಂದವರೇ ನಾನು ಬಾಯಿ ತೆರೆಯುವ ಮೊದಲೇ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡರು! ಬಾಗಿಲ ಹಿಂದೆ ನನ್ನ ಹೆಂಡತಿ ಶಿವಶಿವಾ ಎಂದದ್ದು ನನಗೆ ಕೇಳಿಸಿತು. ಸಾಹೇಬರು ಕಣ್ಣು ಮುಚ್ಚಿ ರುಚಿ ನೋಡಿ, ತಲೆಯಲ್ಲಾಡಿಸಿ ತೀರ್ಪು ಕೊಟ್ಟರು: "ಅಚ್ಛಾ ಹೈ. ನಮಕ್ ಜ್ಯಾದಾ ಹೋಗಯಾ." ಉಪ್ಪು ಸ್ವಲ್ಪ ಹೆಚ್ಚಾಯಿತಂತೆ!

ಆಮೇಲೆ ಬಂದ ಕೆಲಸ ಹೇಳಿದರು. ಹೈದರಾಬಾದಿನಿಂದ ಒಬ್ಬ ತರುಣ ಬಂದು, ನಾನು ನಿಮ್ಮ ತೀರಿಹೋದ ತಮ್ಮನ ಮಗ ಎಂದು ಹೇಳಿ ಸಾಹೇಬರ ಮನೆಯಲ್ಲಿ ಉಳಿದಿದ್ದಾನೆ. ಹೌದೋ ಅಲ್ಲವೋ ಅನುಮಾನ. ಔರಾದದಲ್ಲಿ ಕಿವಿ ನೋಡಿ ರಕ್ತಸಂಬಂಧ ಹೇಳಿದ ಹಿರಿಯರು ಈ ಮನೆಯಲ್ಲಿ ಇದ್ದಾರಂತಲ್ಲ, ಅವರು ಒಮ್ಮೆ ಬಂದು ನೋಡಬೇಕು. ಇಷ್ಟೇ.

ಇಷ್ಟೇ! ಭಾಲ್ಕಿಯಿಂದ ಬಂದ ಕೂಡಲೇ ಕಳಿಸುತ್ತೇನೆ ಎಂದು ಕೈಮುಗಿದೆ.

ಮೂರು ದಿನ ಬಿಟ್ಟು ಕಾಕಾ ಭಾಲ್ಕಿಯಿಂದ ತಿರುಗಿ ಬಂದರು. ದಾಯಾದಿಗಳೇ ಬಂಡಿ ಮಾಡಿ ಕಳಿಸಿದ್ದರು, ಜೊತೆಗೆ ಎಳ್ಳುಂಡೆ, ಜೊತೆಗೆ ಒಂದು ಚೀಟಿ: ದಯಮಾಡಿ ಮತ್ತೆ ಕಳಿಸಬೇಡಿರಿ. ಆ ದಾಯಾದಿಗೆ ಬೇಳೆಯ ವ್ಯಾಪಾರ. ಕಾಕಾ ಸುಮ್ಮನೆ ಕೂಡಲಾರದೆ ಅವರ ಅಂಗಡಿಯ ಚೀಲಗಳನ್ನೆಲ್ಲ ಪರೀಕ್ಷಿಸಿ, ಒಂದೊಂದಕ್ಕೂ ಚೀಟಿ ಅಂಟಿಸಿದ್ದರು. "ತೊಗರಿ ಬೇಳೆ. ಸಿಕ್ಕ ಜಾಗ: ಭಾಲ್ಕಿ. ಯಾರ ಜೊತೆ: ನುಸಿಯ ಜೊತೆ, ಎರಡು ಜಾತಿ." ಸಂತೆಯ ದಿನ ಮೆಹಕರ, ಖಟಕ ಚಿಂಚೋಳಿಯಿಂದ ಬಂದ ಗಿರಾಕಿಗಳು ಇದನ್ನು ಗಟ್ಟಿಯಾಗಿ ಓದಿ, ನಕ್ಕು, ಎದುರಿನ ಅಂಗಡಿಗೆ ಹೋಗಿದ್ದರು!

ಕಾಕಾ ಗಂಟು ಇಳಿಸಿ ನೇರವಾಗಿ ಕಿಟಕಿಗೆ ಹೋದರು. ಏಳನೇ ಸೀಸೆ ಎತ್ತಿದರು. ಬಹಳ ಹೊತ್ತು ನೋಡಿದರು. ಭೂತಗನ್ನಡಿ ತೆಗೆದು ಇನ್ನೊಮ್ಮೆ ನೋಡಿದರು. ಕಾಲುಗಳೆಲ್ಲ ಉದುರಿ ಸೀಸೆಯ ತಳದಲ್ಲಿ ಜೀರಿಗೆಯ ಹಾಗೆ ಬಿದ್ದಿದ್ದವು. ಉಳಿದದ್ದು ಎರಡು ಮೆತ್ತನೆಯ ಗುಂಡು.

"ನಾನೇ ಹಾಕಿದ್ದು, ಉಪ್ಪಿನ ನೀರು," ಎಂದಳು ನನ್ನ ಹೆಂಡತಿ, ಮೊದಲ ಬಾರಿಗೆ ಬಾಗಿಲ ಹಿಂದಿನಿಂದ ಈಚೆ ಬಂದು. "ಒಣಗಬಾರ್ದು ಅಂತ ಹಾಕಿದ್ನಿರಿ ಕಾಕಾ." ಸ್ಪಿರಿಟ್ ಸುರಿದದ್ದು ಯಾರೆಂದು ಅವಳು ಹೇಳಲಿಲ್ಲ. ನಾನೂ ಹೇಳಲಿಲ್ಲ. ಗೋಡೆಯ ಮೇಲೆ ಒಂದು ಹಲ್ಲಿ ಇತ್ತು. ಅದನ್ನು ಬಹಳ ಗಮನವಿಟ್ಟು ನೋಡಿದೆ.

ಕಾಕಾ ಕಿಟಕಿಯಿಂದ ಅಂಗಳ ನೋಡಿದರು. ಬೇವಿನ ಸಸಿ ಬಾಡಿ ನಿಂತಿತ್ತು. ಅದನ್ನು ನೋಡಿದವರು ನನ್ನನ್ನು ನೋಡಲಿಲ್ಲ.

"ಉಪ್ಪು ತಡೀತಿತ್ತು ತಂಗೀ," ಎಂದರು. "ನಿಂಬಿ ಹುಳಿ ಅದಲ್ಲ, ಚಿಪ್ಪು ತಿಂದದ. ಇರ್ಲಿ. ನೀ ಮಾಡಿದ್ದು ಛಲೋ ಮಾಡಿದಿ." ಆಮೇಲೆ ಎಣ್ಣೆ ತೇಲುತ್ತಿದ್ದದ್ದನ್ನು ಬೆಳಕಿಗೆ ಹಿಡಿದು ಕೇಳಿದರು: "ಒಗ್ಗರಣಿ ಹಾಕಲಿಲ್ಲೇನು?"

ಅವಳು ನಗಲು ಹೋಗಿ ಅತ್ತಳು.

ಆ ತಿಂಗಳೇ ಮುಂಬೈಯ ಪಂಡಿತರಿಂದ ಉತ್ತರ ಬರಬೇಕೆ! ಇಷ್ಟು ವರ್ಷ ಬಾರದ್ದು! ಕಾಕಾ ಬೆರಳಿಟ್ಟು ಓದಿ ಅರ್ಥ ಹೇಳಿದರು. ನೀವು ಬರೆದಂತೆ ಬೆರಳು ನಡುವಿಗೆ ಕೂಡಿದ್ದರೆ ಅದು ಖಂಡಿತ ಬೇರೆ ಜಾತಿ. ಜೋಡಿಯನ್ನು ಕಳಿಸಿರಿ, ನೋಡಿ ಹೆಸರು ಕೊಡೋಣ.

ನನ್ನ ಹೆಂಡತಿ, "ಇದ್ದಂಗೇ ಕಳಸ್ರಿ ಕಾಕಾ," ಎಂದಳು.

"ಬಾಯಿ ಮುಂದಿನ ಬೆರಳೇ ಇಲ್ಲ ತಂಗೀ. ಏನ್ ತೋರ್ಸ್ಲಿ?" ಕಾಗದ ಮಡಿಚಿ ಪೆಟ್ಟಿಗೆಯಲ್ಲಿಟ್ಟರು. "ಹೆಸರಿಲ್ಲದೇ ಇಷ್ಟ ದಿನಾ ಇದ್ದಾವ. ಇನ್ನೂ ಇರ್ತಾವ." ಅಂದು ಏಳನೇ ಸೀಸೆಗೆ ಹೊಸ ಸ್ಪಿರಿಟ್ಟು ತುಂಬಿ, ಹಳೆಯ ಚೀಟಿ ತೆಗೆದು, ಹೊಸದೊಂದು ಬರೆದು ಮಡಿಚಿ ಒಳಗೆ ಹಾಕಿದರು.

ದಾರೋಗಾ ಸಾಹೇಬರ ಮನೆಗೂ ಹೋಗಿ ಬಂದರು. "ಕಿವಿ ಹೊಂದಂಗಿಲ್ಲ ಸಾಹೇಬ್ರ," ಎಂದರಂತೆ. "ಆದ್ರ ನಿಮಗ ಏನರ ತ್ರಾಸ ಕೊಡ್ಲತ್ತಾನೇನು? ಇಲ್ಲ? ಮತ್ತ ಇರ್ಲಿ ಬಿಡ್ರಿ." ಆ ತರುಣ ಈಗಲೂ ಅಲ್ಲೇ ಇದ್ದಾನೆ.

ನಿಜವಾದ ಅನುಮಾನ ನನಗೆ ಶುರುವಾದದ್ದು ಇಲ್ಲಿಂದ. ಇವರು ನನ್ನನ್ನು ಬೈಯಲಿಲ್ಲವೇಕೆ? ಜೀವಮಾನದ ಆಸೆ ಬೇವಿನ ಬುಡಕ್ಕೆ ಹೋಯಿತು. ಯಾರು ಮಾಡಿದ್ದೆಂದು ಸಸಿ ಬಾಡಿ ಸಾಕ್ಷಿ ಹೇಳಿತು. ಬೈಯದೆ ಇರುವ ಮನುಷ್ಯನನ್ನು ನಾನು ಅರ್ಜಿಗಳಲ್ಲಿ ಎಲ್ಲೂ ಕಂಡಿರಲಿಲ್ಲ. ಏನೋ ಹೊಂಚುತ್ತಿದ್ದಾರೆ! ನನಗೆ ಜ್ವರ ಬಂದಾಗ ಕಷಾಯ ಮಾಡಿ ತಂದರು. ಅವರೇ ಮೊದಲು ಒಂದು ಗುಟುಕು ಕುಡಿಯಲಿ ಎಂದು ಕಾಯುತ್ತಿದ್ದೆ. ಅವರು ಅದನ್ನು ತಿಳಿದು ಕುಡಿದೂ ಬಿಟ್ಟರು! ತಂಗಿಗೆ ಬೇರೆ ಒಳ್ಳೆಯ ಸಂಬಂಧ ಹುಡುಕಿದರು. ಸತ್ತ ಬೇವಿನ ಜಾಗದಲ್ಲಿ ಹೊಸ ಸಸಿ ನೆಟ್ಟು, ಕೊಡದಲ್ಲಿ ನೀರು ಹೊತ್ತರು. ಇದೆಲ್ಲ ಸೇಡಿನ ಮೊದಲ ಭಾಗ ಎಂದುಕೊಂಡೆ. ಹೀಗೆ ಒಂಬತ್ತು ವರ್ಷ ಕಾದೆ. ಏಳನೇ ಸೀಸೆಯ ಮಡಿಚಿದ ಚೀಟಿಯಲ್ಲಿ ನನ್ನ ಹೆಸರು, ನನ್ನ ಅಪರಾಧ ಬರೆದಿಟ್ಟಿದ್ದಾರೆ ಎಂದು ನನಗೆ ಖಾತ್ರಿ ಇತ್ತು. ಅದಕ್ಕೇ ಆ ಸೀಸೆಯ ಕಡೆ ನೋಡುತ್ತಿರಲಿಲ್ಲ.

ಹೋದ ಶ್ರಾವಣದಲ್ಲಿ, ಬೆಳಗಿನ ಪೂಜೆ ಮುಗಿಸಿ ಗೋಡೆಗೆ ಒರಗಿ ಕೂತವರು, ಹಾಗೇ ಹೋದರು. ಸೇಡು ತೀರಿಸಿಕೊಳ್ಳದೆ.

ಅಯ್ಯನವರು ಬಂದರು. ಕೂರಿಸಿ ಮಣ್ಣು ಮಾಡುವ ಕ್ರಿಯಾಸಮಾಧಿಗೆ ಅಣಿ ಮಾಡುತ್ತಿದ್ದರು. ನಾನು ಹೊರಕೋಣೆಗೆ ಹೋಗಿ ಏಳನೇ ಸೀಸೆಯ ಬೂಚು ತೆಗೆದೆ. ಚೀಟಿ ಬಿಚ್ಚಿದೆ. ಸೀಸಕಡ್ಡಿಯ ಅಕ್ಷರ ಇಂದು ಬರೆದ ಹಾಗಿತ್ತು.

"ಏಡಿ, ಗಂಡು ಒಂದು, ಹೆಣ್ಣು ಒಂದು. ಸಮುದ್ರದಿಂದ ಬೀದರಕ್ಕೆ. ಅಣ್ಣನ ಮಗನ ಮನೆಯವರ ಜೊತೆ."

ಅಷ್ಟೇ. ಕಾಲುಗಳ ಮಾತೇ ಇರಲಿಲ್ಲ.

ಅವರ ಪೆಟ್ಟಿಗೆಯಿಂದ ಸೀಸಕಡ್ಡಿ ತೆಗೆದುಕೊಂಡೆ. ಜೀವಮಾನವೆಲ್ಲ ಮಸಿಯಲ್ಲಿ ಬರೆದವನಿಗೆ ಅದು ಕೈಯಲ್ಲಿ ನಿಲ್ಲಲೊಲ್ಲದು. ಒಂದು ಚೀಟಿಯ ಮೇಲೆ ಅವರ ಹೆಸರು ಬರೆದೆ. ಬೀದರ ಎಂದು ಬರೆದೆ. ಮೂರನೇ ಸಾಲಿಗೆ, "ನಮ್ಮ ಜೊತೆ," ಎಂದು ಬರೆದು ಕೂತೆ.

ನನ್ನ ಹೆಂಡತಿ ಯಾವಾಗಲೋ ಬಂದು ಹಿಂದೆ ನಿಂತಿದ್ದಳು. "ಅಷ್ಟೇ ಏನ್ರಿ?" ಎಂದಳು. ಅವಳು ಶಾಲೆಗೆ ಹೋದವಳಲ್ಲ. ನಾಲ್ಕು ಅಕ್ಷರ ಬರುತ್ತಿದ್ದರೆ ಅದು ಮಧ್ಯಾಹ್ನಗಳಲ್ಲಿ ಕಾಕಾ ಕಲಿಸಿದ್ದು. ನನ್ನ ಕೈಯಿಂದ ಸೀಸಕಡ್ಡಿ ತೆಗೆದುಕೊಂಡು, ನೆಲದ ಮೇಲೆ ಕೂತು, ಒಂದೊಂದೇ ಅಕ್ಷರ ಒತ್ತಿ ಬರೆದಳು: "ತ್ರಾಸ ಇರಲಿಲ್ಲ."

ಮಡಿಚಿ ಅವರ ಅಂಗೈಯಲ್ಲಿ, ವಿಭೂತಿಯ ಕೆಳಗೆ ಇಟ್ಟೆವು.